ಅಣೆಯೋ, ಹಣೆಯೋ?

ಬರೆಯುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಬರೆದುದನ್ನು ಒಪ್ಪಿಸುವ ಮೊದಲು ಇನ್ನೊಮ್ಮೆ ಓದುವುದು ಅದಕ್ಕಿಂತಲೂ ಕಷ್ಟವೆಂಬುದು ಮೂರು ವರ್ಷಗಳ ನನ್ನ ಅನುಭವ. ಪ್ರಬಂಧ ಕೊಡಬೇಕಾದ ದಿನ ಬೆಳಗ್ಗೆ ಬಸ್ಸಿನಲ್ಲಿ, ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಕೊನೆಯ ವಾಕ್ಯ ಗೀಚುವ ನಮಗೆ ಓದಲು ಹೊತ್ತೆಲ್ಲಿ? ಮೇಲಾಗಿ ಹೆತ್ತವರಿಗೆ ಹೆಗ್ಗಣ ಮುದ್ದು. ಬರೆದವನಿಗೆ ಬರಹ ಮುದ್ದು.

ಮೊದಲನೆಯ ಬಿ.ಎ. ತರಗತಿಯಲ್ಲಿ ಕನ್ನಂಬಾಡಿ ಕಟ್ಟೆಯನ್ನು ಕುರಿತು ಪ್ರಬಂಧ ಬರೆಯಬೇಕಾಗಿತ್ತು. ಮಂಡ್ಯದ ಕಡೆಯವನಾದ ನನಗೆ ಅದು ಮನೆಯ ಮಾತು. ೧೯೧೧ರಲ್ಲಿ ಕೆಲಸ ಆರಂಭವಾದುದು, ವಿಶ್ವೇಶ್ವರಯ್ಯನವರ ದೂರದೃಷ್ಟಿ, ಹುಲಿಕೆರೆಯ ಬಳಿ ಸುರಂಗ ಕೊರೆದು ನಾಲೆಯನ್ನು ಹಾಯಿಸಿದುದು, ಎಲ್ಲವನ್ನೂ ಉತ್ಸಾಹದಿಂದ ಬರೆದೆ. ಹಾಳೆಗಳು ಹಿಂದಕ್ಕೆ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಒಂದು ಪ್ರಶ್ನೆಯಿತ್ತು: “ಕಾವೇರಿಯ ಹಣೆಗೆ ಏನು ಕಟ್ಟಿದರು? ಬಾಸಿಂಗವೇ?”

‘ಅಣೆಕಟ್ಟು’ ಎನ್ನಬೇಕಾದ ಕಡೆಯಲ್ಲೆಲ್ಲ ನಾನು ‘ಹಣೆಕಟ್ಟು’ ಎಂದು ಬರೆದಿದ್ದೆ! ನಮ್ಮ ಮನೆಯಲ್ಲಿ ಹಾಲು ‘ಆಲು’, ಹಸು ‘ಅಸು’. ಶಾಲೆಯಲ್ಲಿ ಇದಕ್ಕಾಗಿ ಬೈಸಿಕೊಂಡಿದ್ದವನು ಸಂದೇಹ ಬಂದಲ್ಲೆಲ್ಲ ಒಂದು ಹಕಾರವನ್ನು ದಾನ ಮಾಡುತ್ತ ಬಂದಿದ್ದೆ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ತಿದ್ದಿಕೊಡುವವರು ಮನೆಯಲ್ಲಿಲ್ಲದವನಿಗೆ ತಾನೇ ತಿದ್ದಿಕೊಳ್ಳದೆ ಗತಿಯಿಲ್ಲ.

ದಾರಿ ತೋರಿಸಿದವರೂ ಆ ಕೆಂಪು ಶಾಯಿಯ ಅಧ್ಯಾಪಕರೇ. “ರಾತ್ರಿ ಬರೆದುದನ್ನು ಬೆಳಗ್ಗೆ ಓದು. ಕಣ್ಣಿನಿಂದ ಓದಬೇಡ, ಬಾಯಿಂದ ಓದು” ಎಂದರು. ಕಣ್ಣು ಮಹಾ ಮೋಸಗಾರ. ಇರುವುದನ್ನು ಬಿಟ್ಟು, ನಾವು ಬರೆದೆವೆಂದುಕೊಂಡುದನ್ನು ಓದುತ್ತದೆ. ಬಾಯಿ ಹಾಗಲ್ಲ. ಕ್ರಿಯಾಪದ ಬಿಟ್ಟುಹೋದಲ್ಲಿ ಎಡವುತ್ತದೆ. ವಾಕ್ಯ ಉದ್ದವಾದರೆ ಏದುತ್ತದೆ. ಆದರೆ ನನ್ನ ಹಕಾರದ ರೋಗಕ್ಕೆ ಬಾಯಿಯೇ ಮೂಲವಷ್ಟೆ! ಅದಕ್ಕಾಗಿ ಬೇರೊಂದು ಪುಸ್ತಕದಲ್ಲಿ ನಾನು ಸದಾ ತಪ್ಪುವ ಶಬ್ದಗಳನ್ನು ಪಟ್ಟಿಮಾಡಿಕೊಂಡೆ. ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನಿಘಂಟಿನ ಸಹಾಯದಿಂದ ಎರಡನೆಯ ಸಲ ಓದುತ್ತೇನೆ. ಈಗ ಕಂಪ್ಯೂಟರು ತಪ್ಪಿನ ಕೆಳಗೆ ಗೆರೆಯೆಳೆದು ತೋರಿಸುತ್ತದೆಂದು ಗೆಳೆಯರು ಹೇಳಬಹುದು. ಆದರೆ ‘ಹಣೆ’ಯೂ ಒಳ್ಳೆಯ ಕನ್ನಡ ಶಬ್ದವೇ. ಹಣೆ ಯಾವುದು, ಅಣೆ ಯಾವುದು ಎಂಬ ವಿವೇಕವನ್ನು ಬರೆದವನೇ ತೋರಬೇಕು.

ಇಷ್ಟೇ ತಿದ್ದುವಿಕೆ ಎಂದುಕೊಂಡಿದ್ದೆ. ಈ ವರ್ಷ ನೀರಾವರಿಯ ಮೇಲೆ ಮತ್ತೊಂದು ಪ್ರಬಂಧ ಬಂತು. ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. “ನಾಲೆಯ ನೀರಿನಿಂದ ಎಲ್ಲ ರೈತರ ಬಾಳೂ ಹಸನಾಯಿತು” ಎಂಬಲ್ಲಿಗೆ ಬಂದಾಗ, ಹಗ್ಗ ಹೊಸೆಯುತ್ತಿದ್ದ ನಮ್ಮಪ್ಪ ಕೈ ನಿಲ್ಲಿಸಿದರು.

“ಎಲ್ಲಾರ್ದೂ ಅಂದ್ಯಲ್ಲ ಮಗ, ನಾಲೆ ಕೊನೇಲಿರೋ ನಾವು ಯಾರು?”

ನನ್ನ ಬಾಯಿ ಕಟ್ಟಿತು. ಮೇಲಿನವರ ಗದ್ದೆ ತುಂಬಿ ನಮ್ಮ ತೂಬಿಗೆ ನೀರು ಬರುವಷ್ಟರಲ್ಲಿ ಪೈರು ಬಾಡುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ಆ ವಾಕ್ಯವನ್ನು ಗೈಡೊಂದರಿಂದ ಎತ್ತಿದ್ದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಮಾತೇ ತಪ್ಪಾಗಿತ್ತು. ಹೆಬ್ಬೆಟ್ಟೊತ್ತುವ ಅಪ್ಪನಿಗೆ ಅದು ಕೇಳಿಸಿತು, ಬಿ.ಎ. ಓದುವ ನನಗೆ ಕೇಳಿಸಲಿಲ್ಲ. ‘ಎಲ್ಲ’ ಎಂಬುದನ್ನು ಹೊಡೆದು ‘ಅನೇಕ’ ಎಂದು ಬರೆದೆ. ನಾಲೆಯ ಕೊನೆಯವರ ಪಾಡನ್ನು ಕುರಿತು ಅರ್ಧ ಪುಟ ಸೇರಿಸಿದೆ. ಹಾಳೆ ಹಿಂದಕ್ಕೆ ಬಂದಾಗ ಅಂಚಿನಲ್ಲಿ ಮತ್ತೆ ಪ್ರಶ್ನೆಯಿತ್ತು: “ಇದು ಯಾವ ಗ್ರಂಥದಲ್ಲಿದೆ?” ಅಧ್ಯಾಪಕರ ಕೊಠಡಿಗೆ ಹೋಗಿ, “ನಮ್ಮ ತಂದೆಯವರು ಹೇಳಿದರು, ಸಾರ್” ಎಂದೆ. ಅವರು ನಗಲಿಲ್ಲ, “ಕುಳಿತುಕೊ, ಇನ್ನಷ್ಟು ಹೇಳು” ಎಂದರು.

ಹಿಂದೆ ಓಲೆಗರಿಯ ಲಿಪಿಕಾರರು ಗ್ರಂಥ ಮುಗಿಸಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಳ್ಳುತ್ತಿದ್ದರು. ಈ ಲೇಖನವನ್ನು ಮೂರು ಸಲ ಓದಿ ಸಂಪಾದಕರ ಕೈಗೆ ಕೊಟ್ಟಿದ್ದೇನೆ. ಒಂದು ಸಲ ಅಪ್ಪನಿಗೂ ಓದಿ ಹೇಳಿದ್ದೇನೆ. ಇಷ್ಟಾದರೂ ಎಲ್ಲಿಯಾದರೂ ಒಂದು ಹಕಾರ ಹೆಚ್ಚಾಗಿ ಬಿದ್ದಿದ್ದರೆ, ವಾಚಕರು ಉದಾರಮನಸ್ಸಿನಿಂದ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.