ಆನೆಗಳ ಮನೆಗೂ ಅಜ್ಜಿಯೇ ಯಜಮಾನಿ

ಆಫ್ರಿಕಾ ಎಂದರೆ ಮಕ್ಕಳಿಗೆ ಸಿಂಹ. ನೈರೋಬಿಯಲ್ಲಿರುವ ಮಗನ ಮನೆಗೆ ಹೋದಾಗ ಒಂಬತ್ತು ವರ್ಷದ ಮೊಮ್ಮಗಳು ಹಟ ಹಿಡಿದದ್ದೂ ಸಿಂಹಕ್ಕಾಗಿಯೇ. ಆದರೆ ಅಂಬೊಸೆಲಿ ರಾಷ್ಟ್ರೀಯ ಉದ್ಯಾನದಲ್ಲಿ ನಾವು ಕಳೆದ ದಿನ ಪೂರ್ತಿ ಆನೆಗಳದ್ದೇ ಆಯಿತು.

ಅಂಬೊಸೆಲಿ ಇರುವುದು ಕೀನ್ಯಾದಲ್ಲಿ. ಅದರೆದುರು ನಿಂತ ಕಿಲಿಮಂಜಾರೊ ಮಾತ್ರ ಪಕ್ಕದ ತಾಂಜಾನಿಯಾದ್ದು. ಎತ್ತರ 5,895 ಮೀಟರ್. ಆಫ್ರಿಕಾದಲ್ಲೇ ಎಲ್ಲಕ್ಕಿಂತ ಎತ್ತರದ ಪರ್ವತ. ಬೆಳಗಿನ ಆರೂವರೆಗೆ ಅದರ ನೆತ್ತಿಯ ಹಿಮ ಚೆನ್ನಾಗಿ ಕಾಣುತ್ತಿತ್ತು. ಒಂಬತ್ತಕ್ಕೆಲ್ಲ ಮೋಡ ಮುಚ್ಚಿತು. ಕೆಳಗೆ ಬರೀ ಧೂಳು, ಧೂಳಿನ ನಡುವೆ ಹಚ್ಚಹಸಿರು ಜೌಗು! ಬೆಟ್ಟದಲ್ಲಿ ಇಂಗಿದ ನೀರು ನೆಲದೊಳಗೆ ಹರಿದು ಇಲ್ಲಿ ಊಟೆಯಾಗಿ ಏಳುತ್ತದೆ. ಆನೆಗಳು ಬರುವುದು ಅದಕ್ಕಾಗಿ.

ನಮ್ಮ ಜೀಪಿನ ಮುಂದೆ ಹನ್ನೊಂದು ಆನೆಗಳು ಸಾಲಾಗಿ ಬಂದವು. ಚಾಲಕ ಎಂಜಿನ್ ನಿಲ್ಲಿಸಿ "ಪೋಲೆ ಪೋಲೆ" ಎಂದ. ಸ್ವಾಹಿಲಿಯಲ್ಲಿ ಹಾಗೆಂದರೆ ನಿಧಾನ, ನಿಧಾನ. ನನ್ನ ಮಂಡಿಗಳಿಗೆ ಬಹಳ ಹಿಡಿಸಿದ ಮಾತು! ಮುಂದಿದ್ದ ದೊಡ್ಡ ಆನೆ ದಾರಿಯಂಚಿನಲ್ಲಿ ನಿಂತು, ಸೊಂಡಿಲೆತ್ತಿ ನಮ್ಮ ವಾಸನೆ ಹಿಡಿಯಿತು. ಹಿಂದಿನ ಹತ್ತೂ ನಿಂತವು. ಅದು ಹೆಜ್ಜೆಯಿಟ್ಟ ಮೇಲೆಯೇ ಉಳಿದವು ದಾಟಿದ್ದು.

"ದಂತ ಇದೆ. ಗಂಡಾನೆ ಅಲ್ವಾ ತಾತ?" ಎಂದಳು ಮೊಮ್ಮಗಳು. ನಮ್ಮ ನಾಗರಹೊಳೆಯಲ್ಲಾದರೆ ಉದ್ದ ದಂತ ಕಂಡರೆ ಗಂಡು ಎನ್ನಬಹುದು. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಬರುತ್ತದೆ. ಹಿಂಡಿನ ಯಜಮಾನಿಕೆಯೂ ಹಿರಿಯ ಹೆಣ್ಣಿನದೇ, ಅಂದರೆ ಅಜ್ಜಿಯದು.

ಸಿಂಥಿಯಾ ಮಾಸ್ ಎಂಬ ಅಮೆರಿಕದ ಮಹಿಳೆ 1972ರಲ್ಲಿ ಇಲ್ಲಿನ ಆನೆಗಳನ್ನು ಒಂದೊಂದಾಗಿ ಗುರುತಿಸಿ ದಾಖಲಿಸಲು ಶುರುಮಾಡಿದರು. ಗುರುತು ಯಾವುದು ಗೊತ್ತೇ? ಕಿವಿಯಂಚಿನ ಹರಕು, ತೂತು, ನರಗಳ ಗೆರೆ. ಬ್ಯಾಂಕಿನಲ್ಲಿ ಕೂತು ಚೆಕ್ಕುಗಳ ಸಹಿ ತಾಳೆ ನೋಡಿಯೇ ತಲೆ ನರೆತ ನನಗೆ ಇದು ತುಂಬ ಖುಷಿ ಕೊಟ್ಟಿತು. ಆನೆ ತನ್ನ ಸಹಿಯನ್ನು ಕಿವಿಯಲ್ಲೇ ಹೊತ್ತು ತಿರುಗುತ್ತದೆ!

ಅಜ್ಜಿಯ ಬೆಲೆ ತಿಳಿಯುವುದು ಬರಗಾಲದಲ್ಲಿ. 1993ರಲ್ಲಿ ತಾಂಜಾನಿಯಾದ ತರಂಗೀರೆ ಉದ್ಯಾನದಲ್ಲಿ ಭೀಕರ ಬರ. ಸಂಶೋಧಕರು ಲೆಕ್ಕವಿಟ್ಟಿದ್ದ 81 ಮರಿಗಳಲ್ಲಿ 16 ಒಂಬತ್ತೇ ತಿಂಗಳಲ್ಲಿ ಸತ್ತವು. ಹೆಚ್ಚು ವಯಸ್ಸಿನ ಆನೆಗಳು ನಡೆಸುತ್ತಿದ್ದ ಹಿಂಡುಗಳು ಉದ್ಯಾನ ಬಿಟ್ಟು ಹೊರಗೆ ಹೋದವು. ಅವುಗಳ ಮರಿಗಳು ಹೆಚ್ಚಾಗಿ ಬದುಕಿದವು. ಹಿಂದಿನ ಬರದ ನೆನಪು ಅವಕ್ಕೆ ದಾರಿ ತೋರಿರಬೇಕು ಎಂಬುದು ಸಂಶೋಧಕರ ಊಹೆ.

ಸಂಜೆ ಇದನ್ನು ಹೇಳಿದಾಗ ಮೊಮ್ಮಗಳು ಗಂಭೀರವಾಗಿ ಕೇಳಿದಳು: "ತಾತ, ನೀರು ಎಲ್ಲಿದೆ ಅಂತ ನಿಮಗೆ ಗೊತ್ತಾ?"

ಫೋನಿನ ಪಾಸ್‌ವರ್ಡ್ ಮರೆಯುವ ತಾತನಿಗೆ ಯಾರೂ ಕೇಳದಿದ್ದ ಪ್ರಶ್ನೆ. ನಾನು ಹುಡುಗನಾಗಿದ್ದಾಗ ಊರ ಬಾವಿಗಳು ಬತ್ತಿದ್ದವು. ನನ್ನಜ್ಜಿ ಒಣಗಿದ ಹಳ್ಳದ ತಿರುವಿನಲ್ಲಿ, ಹೊಂಗೆಮರದ ಎದುರಿಗೆ, ಮರಳು ತೋಡಿ ಒರತೆ ತೆಗೆದು ಚಿಪ್ಪಿನಲ್ಲಿ ನೀರು ಮೊಗೆಯುತ್ತಿದ್ದಳು. ಆನೆಗಳೂ ಒಣಹೊಳೆಯಲ್ಲಿ ಕಾಲು, ಸೊಂಡಿಲಿನಿಂದ ಹೀಗೆಯೇ ತೋಡುತ್ತವೆ.

ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಹಳ್ಳದ ನಕ್ಷೆ ಬರೆದು, ತಿರುವಿಗೆ ಗುರುತು ಹಾಕಿಸಿಕೊಂಡಳು. ಅಂದು ಸಿಂಹ ಕಾಣಲಿಲ್ಲ. ಅವಳು ಕೇಳಲೂ ಇಲ್ಲ. ಆ ಜಾಗ ಬಲ್ಲವನು ನಮ್ಮ ಮನೆಯಲ್ಲಿ ನಾನೊಬ್ಬನೇ ಉಳಿದಿದ್ದೆ. ಈಗ ಇಬ್ಬರಾಗಿದ್ದೇವೆ.

ಮಕ್ಕಳೇ, ನಿಮ್ಮ ಅಜ್ಜಿ ತಾತಂದಿರನ್ನೂ ಇಂಥದ್ದೊಂದು ಪ್ರಶ್ನೆ ಕೇಳಿ ನೋಡಿ.