ಅಜ್ಜಿಯ ಪದಗಳಿಗೊಂದು ಜಾಗ

ಕಳೆದ ವರ್ಷ ನಾವು ನಾಲ್ವರು ಸೇರಿ ಬ್ಯಾರಿ ಪದಗಳನ್ನು ಕನ್ನಡ ಲಿಪಿಯಲ್ಲಿ ಹುಡುಕಿಕೊಡುವ ಸಣ್ಣ ಪ್ರೋಗ್ರಾಂ ಬರೆಯಲು ಹೊರಟೆವು. ನನ್ನ ಅಜ್ಜಿ ಹೇಳಿದ ಅಡುಗೆಮನೆಯ ಪದಗಳೇ ಮೊದಲ ಪಟ್ಟಿ. ಅದಿದ್ದದ್ದು ನನ್ನ ಪೆನ್‌ಡ್ರೈವ್‌ನಲ್ಲಿ ಮಾತ್ರ. ಮಳೆಗಾಲದಲ್ಲಿ ಒಂದು ದಿನ ಬಸ್ಸಿನಲ್ಲಿ ಅದು ಎಲ್ಲಿ ಬಿತ್ತೋ! ಪುನಃ ಕೇಳಿ ಬರೆದುಕೊಳ್ಳೋಣವೆಂದರೆ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಹಾಗಾಗಿ ಕೋಡನ್ನೂ ಪಟ್ಟಿಯನ್ನೂ ಎಲ್ಲಿಡುವುದು ಎಂಬ ಚರ್ಚೆ ನನಗೆ ಬರೀ ಕಂಪ್ಯೂಟರಿನ ವಿಷಯವಾಗಿರಲಿಲ್ಲ.

"ಗಿಟ್‌ಹಬ್‌ಗೆ ಹಾಕು ಮಾರಾಯ, ಎಲ್ಲರೂ ಇರುವುದು ಅಲ್ಲೇ" ಎಂದ ಒಬ್ಬ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿದೆ, ನಾಳೆ ಏನಾಗುತ್ತದೋ ಎಂದು ಇನ್ನೊಬ್ಬನ ತಕರಾರು. ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ನಮ್ಮದೇ ಗಿಟ್‌ಲ್ಯಾಬ್ ನಡೆಸೋಣ, ಗ್ನೋಮ್, ಕೆಡಿಇಯವರು ನಡೆಸುವುದಿಲ್ಲವೇ ಎಂದ. ಅವರಿಗೆ ಸರ್ವರ್ ನೋಡಿಕೊಳ್ಳಲು ಜನ ಇದ್ದಾರೆ. ಮೂಡುಬಿದಿರೆಯಲ್ಲಿ ರಾತ್ರಿ ಸಿಡಿಲು ಬಂದರೆ ಲ್ಯಾಬಿಗೆ ಓಡಿ ಪ್ಲಗ್ ಕೀಳುವವರು ಯಾರು?

ಆಗ ನಮ್ಮ ಸರ್ ಲೋಹಿತ್ ಫಾಂಟಿನ ಕಥೆ ಹೇಳಿದರು. ಲಿನಕ್ಸ್‌ನಲ್ಲಿ ಕನ್ನಡ ಓದಿದವರು ಈ ಅಕ್ಷರ ನೋಡಿಯೇ ಇರುತ್ತಾರೆ. ಅದರ ಕೋಡ್ ಇದ್ದದ್ದು ಫೆಡೋರಾಹೋಸ್ಟೆಡ್ ಎಂಬಲ್ಲಿ. 2017ರ ಮಾರ್ಚ್‌ನಲ್ಲಿ ಆ ತಾಣವೇ ಮುಚ್ಚಿತು. ಅದಕ್ಕೂ ಮೊದಲು ಗಿಟೋರಿಯಸ್, ಗೂಗಲ್ ಕೋಡ್ ಮುಚ್ಚಿದ್ದವು. ಲೋಹಿತ್ ಮಾತ್ರ ಪಾಗೂರ್‌ಗೆ ಹೋಗಿ ಉಳಿಯಿತು. ಗಿಟ್‌ನಲ್ಲಿ ಕ್ಲೋನ್ ಮಾಡಿದವರೆಲ್ಲರ ಬಳಿ ಕಡತಗಳ ಜೊತೆಗೆ ಹಿಂದಿನ ಬದಲಾವಣೆಗಳ ಇತಿಹಾಸವೂ ಇರುತ್ತದೆ. ಜಾಗ ಹೋದರೂ ಕೋಡ್ ಹೋಗುವುದಿಲ್ಲ.

ಆದರೆ ಕ್ಲೋನ್‌ನಲ್ಲಿ ಬಾರದ್ದು ಒಂದಿದೆ: ಇಶ್ಯೂ ಪುಟದಲ್ಲಿ ನಾವು ಆಡುವ ಮಾತು. ಉಳ್ಳಾಲದ ಗೆಳೆಯ ಒಂದು ಪದವನ್ನು ಒಂದು ರೀತಿ ಹೇಳುತ್ತಾನೆ, ನಮ್ಮ ಮನೆಯಲ್ಲಿ ಇನ್ನೊಂದು ರೀತಿ. ಆ ಜಗಳವೇ ನಮ್ಮ ಪಟ್ಟಿಯ ಬೆಲೆ ಎಂದು ನನಗನಿಸುತ್ತದೆ. ಅದಕ್ಕೇ ಯಾರು, ಯಾವ ಊರಿನವರು, ಹೇಗೆ ಹೇಳಿದರು ಎಂಬುದನ್ನು ಪದದ ಪಕ್ಕದಲ್ಲೇ ಬರೆಯುತ್ತೇವೆ.

ಕೊನೆಗೆ ಗಿಟ್‌ಹಬ್ಬೇ ಆಯಿತು. ಗಿಟ್‌ಲ್ಯಾಬ್‌ನಲ್ಲಿ ಒಂದು ಪ್ರತಿ, ಸರ್ ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಖಾತೆ ನನ್ನ ಹೆಸರಿನಲ್ಲಿ ಬೇಡವೆಂದು ನಾನೇ ಹೇಳಿದೆ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿ ನಾವು ಹೊರಡುತ್ತೇವೆ; ಪಾಸ್‌ವರ್ಡ್ ನಮ್ಮ ಜೊತೆ ಹೋಗಬಾರದು. ತಂಡದ ಹೆಸರಿನಲ್ಲಿ ಸಂಘಟನೆ ಮಾಡಿ, ಪ್ರಥಮ ಪಿಯುಸಿಯ ಇಬ್ಬರನ್ನೂ ಒಡೆಯರಾಗಿ ಸೇರಿಸಿದ್ದೇವೆ.

ಕಳೆದ ವಾರ ಅವರಲ್ಲೊಬ್ಬಳು ತನ್ನ ಅಜ್ಜಿಯಿಂದ ಕೇಳಿದ ಹನ್ನೊಂದು ಪದ ಸೇರಿಸಿದಳು. ಅದರಲ್ಲಿ ಮೂರು ನನ್ನ ಕಳೆದುಹೋದ ಪಟ್ಟಿಯಲ್ಲಿದ್ದವು.