ಭೂತವೂ ಭೂಮಿಯೂ

ನಾವು ಉಪೇಂದ್ರನ ಅಭಿಮಾನಿಗಳು. ಹೇಳಿಕೊಳ್ಳಲಿಕ್ಕೆ ನಮಗೆ ನಾಚಿಕೆಯಿಲ್ಲ. ವಿಚಾರ ಸಂಕಿರಣಗಳಲ್ಲಿ ಸಿಗುವ ಕೆಲವು ಗೆಳೆಯರು ಇದನ್ನು ಕೇಳಿ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ‘ಓಂ’ (1995), ‘ಎ’ (1998), ‘ಉಪೇಂದ್ರ’ (1999) ನೋಡಲಿಕ್ಕೆ ಕಡಬ, ಸುಳ್ಯದ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಪುತ್ತೂರಿಗೆ ಬರುತ್ತಿದ್ದ ನಾವೆಲ್ಲ ಅಡಿಕೆ ತೋಟದ ಕೂಲಿಗಳ ಮಕ್ಕಳು, ಬೀಡಿ ಕಟ್ಟುವ ತಾಯಂದಿರ ಮಕ್ಕಳು. ಧಣಿಗಳ ಅಂಗಳದಲ್ಲಿ ಬಾಯಿ ಬಿಡಲಾಗದ ನಮಗೆ, ಪರದೆಯ ಮೇಲೆ ಒಬ್ಬ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಾನಲ್ಲ, ಅಷ್ಟೇ ಸಾಕಿತ್ತು. 1993ರಲ್ಲಿ ‘ಶ್!’ ನಿರ್ದೇಶಿಸಿದವನೂ ಅವನೇ. ಹೆದರಿಸುವ ವಿದ್ಯೆ ಅವನಿಗೆ ಗೊತ್ತು ಎಂದು ನಂಬಿದ್ದೆವು.

ಆ ನಂಬಿಕೆಯಿಂದಲೇ 2012ರಲ್ಲಿ ‘ಕಲ್ಪನ’ಕ್ಕೆ ಹೋದದ್ದು. ಇದರ ನಿರ್ದೇಶಕ ಉಪ್ಪಿಯಲ್ಲ, ರಾಮನಾರಾಯಣನ್. ರಾಘವ ಲಾರೆನ್ಸನ ತಮಿಳು ‘ಕಾಂಚನ’ದ (2011) ರೀಮೇಕು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಇವೆಯಷ್ಟೆ. ಆ ಕಾಲನಿಯ ಗೆಳೆಯರು ತಮಿಳಿನದನ್ನು ಮೊದಲೇ ನೋಡಿ ಮುಗಿಸಿದ್ದರು. “ಕತೆ ನಮಗೆ ಗೊತ್ತುಂಟು ಅಣ್ಣ. ಉಪ್ಪಿ ಎಂತ ಹೊಸತು ಮಾಡ್ತಾರೆ ನೋಡುವ” ಅಂದರು.

ಹೊಸತು ಎಂತದೂ ಇರಲಿಲ್ಲ. ಭೂತಕ್ಕೆ ಹೆದರುವ ನಾಯಕ ಹೆಂಗಸರ ಸೊಂಟಕ್ಕೆ ಹಾರಿ ಕೂರುತ್ತಾನೆ. ಒಂದು ಸಲ ನಗು ಬಂತು, ಮತ್ತೆ ಎಷ್ಟು ಸಲ ನಗುವುದು ಮಾರಾಯ್ರೆ? ಭಯ ಹುಟ್ಟಬೇಕಾದಲ್ಲೆಲ್ಲ ಕಿವಿ ಹರಿಯುವಂತೆ ಸದ್ದು. ಪಕ್ಕದ ಸೀಟಿನವ ಆರಾಮಾಗಿ ಗೊರಕೆ ಹೊಡೆಯುತ್ತಿದ್ದ.

ಬೇಜಾರು ಮಾತ್ರ ಆಗಿದ್ದರೆ ಮರೆತುಬಿಡುತ್ತಿದ್ದೆವು. ನಮಗೆ ಉರಿದದ್ದು ಬೇರೆ ಕಾರಣಕ್ಕೆ. ಈ ಚಿತ್ರದ ಹೊಟ್ಟೆಯೊಳಗೆ ಒಂದು ನಿಜವಾದ ಕತೆ ಇದೆ. ಕಲ್ಪನ ಒಬ್ಬ ಮಂಗಳಮುಖಿ, ಸಾಯಿಕುಮಾರ್ ಆ ಪಾತ್ರ ಮಾಡಿದ್ದಾರೆ. ಮನೆಯಿಂದ ಹೊರಬಿದ್ದವಳು, ತನ್ನಂಥವಳೇ ಒಂದು ಹುಡುಗಿಯನ್ನು ಸಾಕಿ ಡಾಕ್ಟರು ಓದಿಸುತ್ತಾಳೆ. ಆಸ್ಪತ್ರೆ ಕಟ್ಟಲಿಕ್ಕೆಂದು ಜಾಗ ಕೊಳ್ಳುತ್ತಾಳೆ. ಅದರ ಮೇಲೆ ಶಾಸಕನೊಬ್ಬನ ಕಣ್ಣು ಬೀಳುತ್ತದೆ. ಕೇಳಲು ಹೋದವಳನ್ನೂ ಅವಳಿಗೆ ಆಸರೆ ಕೊಟ್ಟವರನ್ನೂ ಕೊಂದು ಅದೇ ನೆಲದಲ್ಲಿ ಹೂಳುತ್ತಾರೆ. ಅವರೇ ಎದ್ದು ಬರುವವರು.

ಇದು ನಮ್ಮ ತುಳುನಾಡಿನ ಪಾಡ್ದನವಲ್ಲವೆ? ನಾವು ಭೂತ ನಂಬುವವರಲ್ಲ. ಆದರೆ ಇಲ್ಲಿಯ ಭೂತಗಳ ಕತೆ ಕೇಳಿ ಬೆಳೆದವರು. ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿದ ಕೋಟಿ-ಚೆನ್ನಯರು ಗದ್ದೆಯ ನೀರಿಗಾಗಿ, ಮರ್ಯಾದೆಗಾಗಿ ಹೋರಾಡಿ ಎಣ್ಮೂರಿನಲ್ಲಿ ಸತ್ತು ಗರಡಿ ಗರಡಿಗಳಲ್ಲಿ ನಿಂತರು. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದ, ಅವನು ಭೂತವಾಗಿ ಕೇಳಲು ಬಂದ. ದೇವಸ್ಥಾನದ ಹೊರಗೇ ನಿಲ್ಲಬೇಕಾಗಿದ್ದ ಕೊರಗ ತನಿಯ ಹಣ್ಣಿಗೆ ಕೈಚಾಚಿ ಮಾಯವಾದ. ಬದುಕಿದ್ದಾಗ ಸಿಗದ ನ್ಯಾಯವನ್ನು ಸತ್ತ ಮೇಲೆ ಕೇಳುವವರು ಇವರು. ಇವರ ಕತೆ ಕೇಳಿ ಯಾರೂ ನಗುವುದಿಲ್ಲ. ನೇಮದ ರಾತ್ರಿ ಗುತ್ತಿನ ಯಜಮಾನನೂ ಕೈ ಮುಗಿದು, ನಡುಗುವ ದನಿಯಲ್ಲಿ ಉತ್ತರ ಕೊಡಬೇಕು. (ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡ ನಲಿಕೆಯವನನ್ನೋ ಪಂಬದನನ್ನೋ ಅದೇ ಯಜಮಾನ ಚಾವಡಿಗೆ ಹತ್ತಿಸುತ್ತಾನೆಯೇ? ಆ ಲೆಕ್ಕ ಇನ್ನೊಮ್ಮೆ ಬರೆಯೋಣ.)

‘ಕಲ್ಪನ’ದಲ್ಲಿ ಈ ನ್ಯಾಯ ಕೇಳುವ ಭಾಗ ಬರುವುದು ಕೊನೆಗೆ, ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಅದುವರೆಗೆ ಉಪ್ಪಿಯ ಮೈಮೇಲೆ ಬಂದ ಮಂಗಳಮುಖಿಯ ನಡಿಗೆ, ಬಳೆ, ಸೀರೆ ಎಲ್ಲ ನಗಿಸಲಿಕ್ಕೆ. ಟಾಕೀಸೂ ನಕ್ಕಿತು. ಬಸ್‌ಸ್ಟ್ಯಾಂಡಿನಲ್ಲಿ ಅವರು ಕೈಚಾಚಿದಾಗ ನಗುತ್ತಾರಲ್ಲ, ಅದೇ ನಗು. ಸಾಯಿಕುಮಾರ್ ತಮ್ಮ ಪಾಲಿನ ಹೊತ್ತಿನಲ್ಲಿ ಆ ನಗುವನ್ನು ನಿಲ್ಲಿಸಿದರು, ನಿಜ ಹೇಳಬೇಕು. ಆದರೆ ಆಮೇಲೆ ಮತ್ತೆ ಹೊಡೆದಾಟ, ಕುಣಿತ. ಬಾಯಿ ಸತ್ತವರ ಪರವಾಗಿ ಮಾತಾಡುತ್ತಾನೆಂದು ನಾವು ಎತ್ತಿ ಮೆರೆಸಿದ ನಟನಿಗೆ, ಸತ್ತೂ ಮಾತಾಡುವ ಒಂದು ಪಾತ್ರ ಸಿಕ್ಕಿತ್ತು. ಅದನ್ನು ಸೊಂಟ ಕುಣಿಸಿ ಮುಗಿಸಿಬಿಟ್ಟ.

ಹೆದರಿಕೆ ಎಂದರೆ ಎಂತದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪುತ್ತೂರಿನಲ್ಲೇ ಬಹುಕಾಲ ಇದ್ದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು 1975ರಲ್ಲಿ ಬಿ.ವಿ. ಕಾರಂತರು ಚಿತ್ರ ಮಾಡಿದರು. ಕಾದಂಬರಿಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಈಜು ಬಲ್ಲವರು ಇದ್ದಾರೆ, ಇಳಿಯಲು ಹೊರಟವನನ್ನೂ ಉಳಿದವರು ತಡೆಯುತ್ತಾರೆ, ಹೊಲೆಯರ ಹುಡುಗನನ್ನು ಮುಟ್ಟಬಾರದೆಂದು. ಅಲ್ಲಿ ಒಂದೇ ಒಂದು ಭೂತವಿಲ್ಲ. ಓದಿದ ರಾತ್ರಿ ನಮಗೆ ನಿದ್ದೆ ಬಂದಿರಲಿಲ್ಲ.

2016ರಲ್ಲಿ ‘ಕಲ್ಪನ 2’ ಬಂತು. ನಾವು ಹೋಗಲಿಲ್ಲ. ರಬ್ಬರ್ ಕಾಲನಿಯ ಗೆಳೆಯನೊಬ್ಬ ಹೋಗಿದ್ದ. ಹೇಗುಂಟು ಎಂದು ಕೇಳಿದರೆ, “ಇದೂ ನಾವು ಮೊದಲೇ ನೋಡಿದ್ದೇ ಅಣ್ಣ” ಎಂದು ಹಾಲು ತೆಗೆಯುವ ಕತ್ತಿ ಹಿಡಿದು ತೋಟಕ್ಕೆ ನಡೆದ.